ತಾಲೂಕು ಆಸ್ಪತ್ರೆಯೊಂದರ ಆಮ್ಲಜನಕದ ಲೆಕ್ಕ: ಬಾಗಲಕೋಟೆ ಜಿಲ್ಲೆಯ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಬಾಗಲಕೋಟೆ ಜಿಲ್ಲೆಯ ನೂರು ಹಾಸಿಗೆಗಳ ಒಂದು ತಾಲೂಕು ಆಸ್ಪತ್ರೆಯಲ್ಲಿ, 2021ರ ಏಪ್ರಿಲ್ ಕೊನೆಯಿಂದ ಜೂನ್‌ವರೆಗಿನ ಅವಧಿಯಲ್ಲಿ. ಸುತ್ತ ಕಬ್ಬಿನ ಹೊಲಗಳು, ಊರೊಳಗೆ ಮಗ್ಗಗಳು, ದುಡಿಮೆಗಾಗಿ ಗೋವಾ, ಪುಣೆ, ಮುಂಬಯಿಗೆ ಹೋಗಿ ಬರುವ ಕುಟುಂಬಗಳು; ಕೃಷ್ಣಾ, ಘಟಪ್ರಭಾ ದಂಡೆಯ ಹಲವು ತಾಲೂಕುಗಳಿಗೆ ಈ ವಿವರಣೆ ಹೊಂದುತ್ತದೆ. ಆಸ್ಪತ್ರೆಯ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ. ಅಲ್ಲಿ ಕಂಡ ಕೊರತೆಗಳು ಆ ಒಂದು ಆಸ್ಪತ್ರೆಯವಲ್ಲ, ಅಲ್ಲಿ ದುಡಿದವರ ಶ್ರಮಕ್ಕೆ ಕಳಂಕ ತರುವುದೂ ನನ್ನ ಉದ್ದೇಶವಲ್ಲ. ಸಮುದಾಯ ವೈದ್ಯಶಾಸ್ತ್ರದ ವೈದ್ಯನಾಗಿ ಆ ದಿನಗಳಲ್ಲಿ ತಾಲೂಕು ಮಟ್ಟದ ಕೋವಿಡ್ ಆರೈಕೆಯನ್ನು ಪರಿಶೀಲಿಸುವ ಕೆಲಸಕ್ಕೆ ನನ್ನನ್ನು ನಿಯೋಜಿಸಿದ್ದರಿಂದ ವಾರ್ಡು, ಸಿಲಿಂಡರ್ ಕೋಣೆ ಮತ್ತು ಕೇಸ್ ಶೀಟುಗಳನ್ನು ಹತ್ತಿರದಿಂದ ನೋಡಲು ಸಾಧ್ಯವಾಯಿತು.

ಮಹಾಮಾರಿಗೆ ಆಸ್ಪತ್ರೆ ಎಷ್ಟು ಸಿದ್ಧವಾಗಿದೆ ಎಂದು ಕೇಳಿದಾಗಲೆಲ್ಲ ನಮ್ಮಲ್ಲಿ ಹಾಸಿಗೆ, ವೆಂಟಿಲೇಟರ್, ಪಿಪಿಇ ಕಿಟ್‌ಗಳ ಸಂಖ್ಯೆಯನ್ನು ಹೇಳುವುದು ರೂಢಿ. ಎರಡನೇ ಅಲೆ ಏಳುವ ಹೊತ್ತಿಗೆ ಈ ಆಸ್ಪತ್ರೆಯಲ್ಲಿ ಇವೆಲ್ಲವೂ ಒಂದು ಮಟ್ಟಕ್ಕೆ ಇದ್ದವು. ಎಷ್ಟು ಆಮ್ಲಜನಕ ಉಳಿದಿದೆ, ಅದು ಎಷ್ಟು ತಾಸಿಗೆ ಸಾಕು, ಯಾವ ರೋಗಿಗೆ ಎಷ್ಟು ಹೋಗುತ್ತಿದೆ ಮತ್ತು ಅಷ್ಟು ಆ ರೋಗಿಗೆ ಬೇಕೇ ಎಂಬುದನ್ನು ರಾತ್ರಿ ಯಾವ ಹೊತ್ತಿನಲ್ಲಿ ಕೇಳಿದರೂ ಹೇಳಬಲ್ಲ ಒಬ್ಬ ವ್ಯಕ್ತಿ ಮಾತ್ರ ಇರಲಿಲ್ಲ. ಆಮ್ಲಜನಕ ವ್ಯರ್ಥವಾಗುವುದೂ ರೋಗಿ ಯಾರ ಗಮನಕ್ಕೂ ಬಾರದೆ ಕುಸಿಯುವುದೂ ಇದೇ ಒಂದು ಕೊರತೆಯಿಂದ ಹುಟ್ಟುತ್ತವೆ ಎಂಬುದು ಈ ಪ್ರಕರಣವನ್ನು ನೋಡಿ ನಾನು ತಲುಪಿದ ತೀರ್ಮಾನ. ಸರಬರಾಜನ್ನು ಉಗ್ರಾಣದ ವಿಷಯವೆಂದೂ ಆರೈಕೆಯನ್ನು ವಾರ್ಡಿನ ವಿಷಯವೆಂದೂ ಎರಡು ಕಡತಗಳಲ್ಲಿ ಇಡುವ ನಮ್ಮ ಪದ್ಧತಿ ಅಲ್ಲಿ ಜೀವಕ್ಕೇ ಎರವಾಗುತ್ತಿತ್ತು.

ಮೊದಲ ಅಲೆಯ ನಂತರ ಉಳಿದದ್ದು

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಮಹಾಮಾರಿ ಎಂದು ಘೋಷಿಸಿದ್ದು 2020ರ ಮಾರ್ಚ್ 11ರಂದು. ಅದರ ಹಿಂದಿನ ದಿನ ತೀರಿಕೊಂಡ ಕಲಬುರಗಿಯ ವೃದ್ಧರದೇ ದೇಶದ ಮೊದಲ ಕೋವಿಡ್ ಸಾವು ಎಂಬುದು ಎರಡು ದಿನಗಳ ಮೇಲೆ ಖಚಿತವಾಯಿತು. ಆ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಚಿಕಿತ್ಸಾ ಸ್ಥಳಗಳನ್ನು ಮೂರು ಹಂತಗಳಾಗಿ ವಿಂಗಡಿಸಿತು: ಲಕ್ಷಣ ಕಡಿಮೆ ಇದ್ದವರಿಗೆ ಕೋವಿಡ್ ಆರೈಕೆ ಕೇಂದ್ರ, ಆಮ್ಲಜನಕ ಬೇಕಾದವರಿಗೆ ಕೋವಿಡ್ ಆರೋಗ್ಯ ಕೇಂದ್ರ, ತೀವ್ರ ನಿಗಾ ಬೇಕಾದವರಿಗೆ ಕೋವಿಡ್ ಆಸ್ಪತ್ರೆ. ನಮ್ಮ ತಾಲೂಕು ಆಸ್ಪತ್ರೆ ಎರಡನೆಯ ಹಂತಕ್ಕೆ ಸೇರಿತು. ಒಂದು ವಾರ್ಡಿಗೆ ತಾಮ್ರದ ಕೊಳವೆ ಎಳೆದು, ಹೊರಗಿನ ಕೋಣೆಯಲ್ಲಿ ಸಿಲಿಂಡರ್‌ಗಳನ್ನು ಎರಡು ಸಾಲಾಗಿ ನಿಲ್ಲಿಸಿ, ಅವನ್ನು ಕೊಳವೆಗೆ ಸೇರಿಸುವ ಮ್ಯಾನಿಫೋಲ್ಡ್ ಜೋಡಿಸಿದರು. ವೆಂಟಿಲೇಟರ್‌ಗಳೂ ಬಂದವು. ಅವುಗಳನ್ನು ನಡೆಸಬಲ್ಲ ಅರಿವಳಿಕೆ ತಜ್ಞರು ಆಸ್ಪತ್ರೆಗೆಲ್ಲ ಒಬ್ಬರೇ ಇದ್ದು, ಸಿಸೇರಿಯನ್ ಹೆರಿಗೆಗಳಿಗೂ ಅವರೇ ನಿಲ್ಲಬೇಕಾಗಿದ್ದರಿಂದ ವೆಂಟಿಲೇಟರ್‌ಗಳಲ್ಲಿ ಹೆಚ್ಚಿನವು ಹೊದಿಕೆ ತೆಗೆಯದೆ ಮೂಲೆಯಲ್ಲಿ ನಿಂತವು.

ಚಳಿಗಾಲಕ್ಕೆ ಪ್ರಕರಣಗಳು ಇಳಿದವು. ಗುತ್ತಿಗೆಯ ಅವಧಿ ಮುಗಿದ ಶುಶ್ರೂಷಕಿಯರು ಮನೆಗೆ ಹೋದರು. ಆ ಒಂದು ವರ್ಷದಲ್ಲಿ ಪಿಪಿಇ ತೊಡುವುದನ್ನೂ ಕಳಚುವುದನ್ನೂ ಕಲಿತು, ಆಮ್ಲಜನಕದ ಮೇಲಿರುವ ರೋಗಿಯ ಮುಖ ನೋಡಿಯೇ ಅವಸ್ಥೆ ಅಂದಾಜಿಸುವಷ್ಟು ಪಳಗಿದ ಕೈಗಳು ಅವು. ನನ್ನ ದೃಷ್ಟಿಯಲ್ಲಿ ಎರಡು ಅಲೆಗಳ ನಡುವೆ ಆ ಆಸ್ಪತ್ರೆ ಕಳೆದುಕೊಂಡ ಅತಿ ದೊಡ್ಡ ಆಸ್ತಿ ಇದು. ಯಂತ್ರ ಕೆಟ್ಟರೆ ದಾಸ್ತಾನು ಪುಸ್ತಕದಲ್ಲಿ ಕಾಣುತ್ತದೆ, ಈ ನಷ್ಟ ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ. ಅದೇ ಬಿಡುವನ್ನು ಬೇರೆ ರೀತಿ ಬಳಸಿಕೊಂಡ ಉದಾಹರಣೆ ನೆರೆಯ ರಾಜ್ಯದಲ್ಲಿದೆ. ಮಹಾರಾಷ್ಟ್ರದ ಆದಿವಾಸಿ ಜಿಲ್ಲೆಯಾದ ನಂದುರ್ಬಾರ್‌ನಲ್ಲಿ ಆಗ ಜಿಲ್ಲಾಧಿಕಾರಿಯಾಗಿದ್ದ ಡಾ. ರಾಜೇಂದ್ರ ಭಾರುಡ್ ಅವರು 2020ರಲ್ಲೇ ಆಮ್ಲಜನಕ ಘಟಕಗಳನ್ನು ಹಾಕಿಸಲು ಆರಂಭಿಸಿದ್ದರಿಂದ, ಎರಡನೇ ಅಲೆ ಬಂದಾಗ ಆ ಜಿಲ್ಲೆ ಟ್ಯಾಂಕರ್‌ಗಾಗಿ ರಸ್ತೆ ಕಾಯುವ ಸ್ಥಿತಿಯಲ್ಲಿರಲಿಲ್ಲ. ದೊಡ್ಡ ನಗರಗಳಿಗೇ ಆಗದ ಕೆಲಸವನ್ನು ಹಿಂದುಳಿದ ಜಿಲ್ಲೆಯೊಂದು ಮಾಡಿತೆಂಬುದು ನಮ್ಮ ಭಾಗದವರು ಗಮನಿಸಬೇಕಾದ ಸಂಗತಿ.

ಸಿಲಿಂಡರ್ ಕೋಣೆ

ಪ್ರಕರಣದ ತಿರುಳು ಇರುವುದು ಆಸ್ಪತ್ರೆಯ ಹಿಂಬದಿಯ ತಗಡಿನ ಚಾವಣಿಯ ಆ ಕೋಣೆಯಲ್ಲಿ. ಕಪ್ಪು ಮೈ, ಬಿಳಿ ಹೆಗಲಿನ ಜಂಬೋ ಸಿಲಿಂಡರ್‌ಗಳು ಎಡ ಸಾಲು, ಬಲ ಸಾಲು ಎಂದು ನಿಂತಿರುತ್ತವೆ. ಒಂದು ಸಾಲು ವಾರ್ಡಿಗೆ ಹರಿಯುತ್ತಿರುವಾಗ ಇನ್ನೊಂದು ಸಾಲು ಸಿದ್ಧವಾಗಿರಬೇಕು; ಒತ್ತಡದ ಮುಳ್ಳು ಕೆಳಗಿಳಿಯುತ್ತಿದ್ದಂತೆ ಸಾಲು ಬದಲಿಸಿ, ಖಾಲಿಯಾದವನ್ನು ಕಳಚಿ, ತುಂಬಿದವನ್ನು ಸ್ಪ್ಯಾನರ್‌ನಿಂದ ಬಿಗಿಯಬೇಕು. ಹಗಲಿನಲ್ಲಿ ಇದಕ್ಕೆ ಒಬ್ಬ ಡಿ ಗ್ರೂಪ್ ನೌಕರನಿದ್ದ. ರಾತ್ರಿ ಅವನೇ ಶವಾಗಾರಕ್ಕೂ, ಗೇಟಿಗೂ, ರೋಗಿಗಳನ್ನು ಸ್ಟ್ರೆಚರ್ ಮೇಲೆ ತರುವುದಕ್ಕೂ ಓಡಾಡಬೇಕಾಗಿತ್ತು.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ, ಏಕೆಂದರೆ ಆ ಆಸ್ಪತ್ರೆಯಲ್ಲಿ ಮೇ ತಿಂಗಳವರೆಗೂ ಇದನ್ನು ಯಾರೂ ಕಾಗದದ ಮೇಲೆ ಮಾಡಿರಲಿಲ್ಲ. ಒಂದು ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7 ಘನ ಮೀಟರ್, ಅಂದರೆ 7,000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 10 ಲೀಟರ್ ಪಡೆಯುವ ರೋಗಿಗೆ ಅದು ಹನ್ನೊಂದೂವರೆ ತಾಸಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ; ಚೀಲ ಇರುವ ನಾನ್ ರೀಬ್ರೀದರ್ ಮಾಸ್ಕಿನಲ್ಲಿ 15 ಲೀಟರ್ ಹರಿದರೆ ಎಂಟು ತಾಸೂ ಬರುವುದಿಲ್ಲ. ಮೂಗಿನ ಮೂಲಕ ರಭಸವಾಗಿ ಆಮ್ಲಜನಕ ಕೊಡುವ ಹೈ ಫ್ಲೋ ಯಂತ್ರ 60 ಲೀಟರ್‌ನಂತೆ ಶುದ್ಧ ಆಮ್ಲಜನಕ ಎಳೆದರೆ ಅದೇ ಸಿಲಿಂಡರ್ ಎರಡು ತಾಸಿನೊಳಗೆ ಮುಗಿಯುತ್ತದೆ. ವಾರ್ಡಿನಲ್ಲಿ 30 ಮಂದಿ ಇದ್ದು, ಒಬ್ಬೊಬ್ಬರಿಗೆ ಸರಾಸರಿ 8 ಲೀಟರ್ ಹೋಗುತ್ತಿದೆ ಎಂದಿಟ್ಟುಕೊಂಡರೆ ತಾಸಿಗೆ ಎರಡು ಸಿಲಿಂಡರ್, ದಿನಕ್ಕೆ ಸುಮಾರು 49 ಬೇಕು. ಆ ಸರಾಸರಿಯನ್ನು 6 ಲೀಟರ್‌ಗೆ ಇಳಿಸಲು ಸಾಧ್ಯವಾದರೆ ದಿನಕ್ಕೆ 37 ಸಾಕು. ಹನ್ನೆರಡು ಸಿಲಿಂಡರ್‌ಗಳ ಈ ವ್ಯತ್ಯಾಸ ಆ ದಿನಗಳಲ್ಲಿ ಒಂದು ರಾತ್ರಿಯ ಅಳಿವು ಉಳಿವನ್ನು ನಿರ್ಧರಿಸುವಷ್ಟು ದೊಡ್ಡದು.

ಸಿಲಿಂಡರ್‌ಗಳು ತುಂಬಿ ಬರಬೇಕಾಗಿದ್ದದ್ದು ಖಾಸಗಿ ಮರುಪೂರಣ ಘಟಕದಿಂದ. ಎಂದಿನ ದಿನಗಳಲ್ಲಿ ಆ ಘಟಕದ ಗಿರಾಕಿಗಳು ವೆಲ್ಡಿಂಗ್ ಅಂಗಡಿಗಳು, ಕಾರ್ಖಾನೆಗಳ ವರ್ಕ್‌ಶಾಪ್‌ಗಳು. ಘಟಕಕ್ಕೆ ದ್ರವ ಆಮ್ಲಜನಕ ಬರಬೇಕಾಗಿದ್ದದ್ದು ಬಳ್ಳಾರಿ ಜಿಲ್ಲೆಯಲ್ಲಿ ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲಿನ ಕಡೆಯಿಂದ ಟ್ಯಾಂಕರ್‌ನಲ್ಲಿ. ಹೀಗೆ ಟ್ಯಾಂಕರ್, ಘಟಕ, ಲಾರಿ, ಸಿಲಿಂಡರ್ ಕೋಣೆ, ಕೊಳವೆ, ಹರಿವನ್ನು ಅಳೆಯುವ ಫ್ಲೋಮೀಟರ್, ಮಾಸ್ಕ್ ಎಂಬ ಸರಪಳಿಯಲ್ಲಿ ಎಲ್ಲಿ ಒಂದು ಕೊಂಡಿ ಕಳಚಿದರೂ ಅದರ ಪರಿಣಾಮ ಕೊನೆಯ ಹಾಸಿಗೆಯ ರೋಗಿಯ ಮೇಲೆ ಆಗುತ್ತಿತ್ತು.

ಮೇ ಮೊದಲ ವಾರದ ಒಂದು ರಾತ್ರಿ

ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಮೇ 2 ಮತ್ತು 3ರ ನಡುವೆ ಆಮ್ಲಜನಕದ ಕೊರತೆಯ ಹೊತ್ತಿನಲ್ಲಿ 24 ಮಂದಿ ಸತ್ತ ಸುದ್ದಿ ರಾಜ್ಯದ ಪ್ರತಿ ವಾರ್ಡನ್ನೂ ನಡುಗಿಸಿತ್ತು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು ದಾಖಲಾದವು. ಅದೇ ದಿನ ಕರ್ನಾಟಕ ಹೈಕೋರ್ಟ್, ರಾಜ್ಯದ ಪಾಲಿನ ದ್ರವ ಆಮ್ಲಜನಕವನ್ನು ದಿನಕ್ಕೆ 965 ಟನ್‌ನಿಂದ 1,200 ಟನ್‌ಗೆ ಏರಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಎರಡು ದಿನಗಳ ಬಳಿಕ ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಕೊರತೆ ನಿಜವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಮುಂದೆ ವಾರ್ಡಿನೊಳಗಿನ ಪೋಲಿನ ಬಗ್ಗೆ ಬರೆಯುವುದನ್ನು ಓದುವಾಗ ಇದನ್ನು ಮರೆಯಬಾರದೆಂದು ವಿನಂತಿಸುತ್ತೇನೆ. ಆ ವಸಂತದಲ್ಲಿ ‘ಪೋಲು’ ಎಂಬ ಆರೋಪವನ್ನು ದಾದಿಯರ ತಲೆಗೆ ಕಟ್ಟಿ ಸರಬರಾಜಿನ ಹೊಣೆಯಿಂದ ಜಾರಿಕೊಂಡವರನ್ನೂ ನಾನು ಕಂಡಿದ್ದೇನೆ, ಅದು ಅನ್ಯಾಯ.

ಆ ವಾರದ ಒಂದು ರಾತ್ರಿ, ಮರುಪೂರಣಕ್ಕೆ ಹೋದ ಲಾರಿ ಸಂಜೆಯೊಳಗೆ ಬರಬೇಕಾಗಿದ್ದದ್ದು ಬರಲಿಲ್ಲ. ಘಟಕದ ಮುಂದೆ ನಾಲ್ಕಾರು ತಾಲೂಕುಗಳ ವಾಹನಗಳು ಸಾಲುಗಟ್ಟಿದ್ದವು. ಪುಸ್ತಕದ ಪ್ರಕಾರ ಬೆಳಗಿನವರೆಗೆ ಸಾಲುವಷ್ಟು ತುಂಬಿದ ಸಿಲಿಂಡರ್‌ಗಳು ಇದ್ದವು. ರಾತ್ರಿ ಎರಡರ ಸುಮಾರಿಗೆ ಪುರುಷರ ವಾರ್ಡಿನ ಕಟ್ಟಕಡೆಯ ಹಾಸಿಗೆಗಳಲ್ಲಿ ಫ್ಲೋಮೀಟರ್‌ನೊಳಗಿನ ಗುಂಡು ತಾನಾಗಿ ಕೆಳಗಿಳಿಯುತ್ತಿರುವುದನ್ನು ಕರ್ತವ್ಯದಲ್ಲಿದ್ದ ಶುಶ್ರೂಷಾಧಿಕಾರಿ ಗಮನಿಸಿದರು. ತಿರುಪು ತಿರುಗಿಸಿದರೂ ಗುಂಡು ಮೇಲೇಳಲಿಲ್ಲ. ಅವರು ಹಿಂಬದಿಯ ಕೋಣೆಗೆ ಆಳನ್ನು ಓಡಿಸಿದಾಗ ಗೊತ್ತಾದದ್ದು, ಮೀಸಲು ಸಾಲಿನಲ್ಲಿ ತುಂಬಿದವೆಂದು ನಿಲ್ಲಿಸಿದ್ದ ಸಿಲಿಂಡರ್‌ಗಳಲ್ಲಿ ಹಲವು ಖಾಲಿ. ಹಗಲಿನ ಅವಸರದಲ್ಲಿ ಕಳಚಿದ ಖಾಲಿಗಳನ್ನೂ ಇಳಿಸಿದ ಭರ್ತಿಗಳನ್ನೂ ಒಂದೇ ಗೋಡೆಗೆ ಒರಗಿಸಿದ್ದರು. ಗುರುತಿನ ಚೀಟಿ ಇರಲಿಲ್ಲ, ಸೀಮೆಸುಣ್ಣದ ಗೀಟೂ ಇರಲಿಲ್ಲ. ಪುಸ್ತಕದಲ್ಲಿ ಬರೆದದ್ದು ಸಿಲಿಂಡರ್‌ಗಳ ಸಂಖ್ಯೆಯನ್ನು. ಅವುಗಳೊಳಗಿನ ಒತ್ತಡವನ್ನು ಯಾರೂ ಬರೆದಿರಲಿಲ್ಲ.

ಆ ಶುಶ್ರೂಷಾಧಿಕಾರಿ ಮುಂದಿನ ಒಂದು ತಾಸಿನಲ್ಲಿ ಮಾಡಿದ ಕೆಲಸವನ್ನು ವಿವರವಾಗಿ ದಾಖಲಿಸುವುದು ಈ ಬರಹದ ಕರ್ತವ್ಯವೆಂದು ಭಾವಿಸುತ್ತೇನೆ. ವೈದ್ಯಾಧಿಕಾರಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿ, ಅವರ ಒಪ್ಪಿಗೆ ಪಡೆದು, ಬೆರಳಿಗೆ ಸಿಕ್ಕಿಸುವ ಒಂದೇ ಪಲ್ಸ್ ಆಕ್ಸಿಮೀಟರ್ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆದರು. ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ, 98, 99 ತೋರಿಸುತ್ತಿದ್ದವರ ಹರಿವನ್ನು ಎರಡೆರಡು ಲೀಟರ್ ಇಳಿಸಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿದರು. ಎಚ್ಚರವಿದ್ದವರನ್ನೆಲ್ಲ ‘ಕಾಕಾ, ಸ್ವಲ್ಪ ಡಬ್ಬ ಮಲಗ್ರಿ, ಉಸಿರು ಹಗೂರ ಆಗ್ತದ’ ಎಂದು ಎದೆ ಕೆಳಗೆ ಮಾಡಿ ಮಲಗಿಸಿದರು. ಸ್ಥಿತಿ ಹದಗೆಟ್ಟಿದ್ದ ಇಬ್ಬರನ್ನು ಕೊಳವೆಯ ತುದಿಯಿಂದ ಮ್ಯಾನಿಫೋಲ್ಡ್‌ಗೆ ಹತ್ತಿರದ ಹಾಸಿಗೆಗಳಿಗೆ ಬದಲಿಸಿದರು, ಏಕೆಂದರೆ ಬೇಡಿಕೆ ಮಿತಿ ಮೀರಿದಾಗ ಕೊಳವೆಯಲ್ಲಿ ಒತ್ತಡ ಮೊದಲು ಕುಸಿಯುವುದು ದೂರದ ತುದಿಯಲ್ಲಿ. ಅಂಬುಲೆನ್ಸ್‌ಗೆಂದು ಇಟ್ಟಿದ್ದ ಸಣ್ಣ ಸಿಲಿಂಡರ್‌ಗಳನ್ನೂ ಹೆರಿಗೆ ಕೋಣೆಯಲ್ಲಿದ್ದ, ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಕಾನ್ಸಂಟ್ರೇಟರ್ ಒಂದನ್ನೂ ತರಿಸಿದರು. ಬೆಳಗಾಗುವ ಮೊದಲು ಲಾರಿ ಬಂತು. ಆಮ್ಲಜನಕ ನಿಂತು ಆ ರಾತ್ರಿ ಯಾರೂ ಸಾಯಲಿಲ್ಲ.

ಹರಿವನ್ನು ಇಳಿಸಿದವರಲ್ಲಿ ಹೆಚ್ಚಿನವರ ಸ್ಯಾಚುರೇಶನ್ ಮರುದಿನವೂ ಸುರಕ್ಷಿತ ಮಟ್ಟದಲ್ಲೇ ಉಳಿದಿತ್ತು ಎಂಬುದು ಬೆಳಿಗ್ಗೆ ಕೇಸ್ ಶೀಟುಗಳನ್ನು ನೋಡಿದಾಗ ಕಂಡ ಮುಖ್ಯ ಸಂಗತಿ. ಕೇಂದ್ರದ ಚಿಕಿತ್ಸಾ ಮಾರ್ಗಸೂಚಿಯ ಗುರಿ ಇದ್ದದ್ದು 92ರಿಂದ 96. ಹಳೆಯ ಶ್ವಾಸಕೋಶದ ಕಾಯಿಲೆ ಇದ್ದವರಿಗೆ 88ರಿಂದ 92. ಆ ಕಾಗದ ಕಚೇರಿಯ ಕಡತದಲ್ಲಿ ಇತ್ತು, ವಾರ್ಡಿನ ಗೋಡೆಯ ಮೇಲೆ ಇರಲಿಲ್ಲ. ದಾಖಲಾದ ದಿನ ಉಬ್ಬಸ ಹೆಚ್ಚಿದ್ದಾಗ ಏರಿಸಿದ ಹರಿವನ್ನು ರೋಗಿ ಚೇತರಿಸಿಕೊಂಡ ಮೇಲೂ ಇಳಿಸಲು ಯಾರಿಗೂ ಧೈರ್ಯವಿರಲಿಲ್ಲ. ರೋಗಿಯ ಮಗನೋ ಅಳಿಯನೋ ‘ಸಿಸ್ಟರ್, ಗಾಳಿ ಯಾಕ ಕಮ್ಮಿ ಮಾಡಿದ್ರಿ’ ಎಂದು ಕೇಳಿದರೆ ಕೊಡಬಹುದಾದ ಉತ್ತರವೂ, ಆ ಉತ್ತರದ ಹಿಂದೆ ನಿಲ್ಲುವ ಲಿಖಿತ ಆದೇಶವೂ ದಾದಿಯ ಕೈಯಲ್ಲಿರಲಿಲ್ಲ.

ಶೌಚಾಲಯದ ದಾರಿ

ಅದೇ ವಾರ ಪುರುಷರ ವಾರ್ಡಿನಲ್ಲಿ ಮಧ್ಯವಯಸ್ಸಿನ ಒಬ್ಬ ನೇಕಾರರು ನಸುಕಿನಲ್ಲಿ ಶೌಚಾಲಯದ ಬಾಗಿಲ ಬಳಿ ಕುಸಿದು ತೀರಿಕೊಂಡರು. ಹಿಂದಿನ ಸಂಜೆಯ ಟಿಪ್ಪಣಿಯಲ್ಲಿ ಅವರ ಸ್ಥಿತಿ ಸ್ಥಿರ ಎಂದು ಬರೆದಿತ್ತು. ಮಲಗಿದ್ದಲ್ಲಿ, ಮಾಸ್ಕ್ ಹಾಕಿಕೊಂಡಾಗ ಅದು ನಿಜವೇ. ಮಾಸ್ಕ್ ತೆಗೆದು ವಾರ್ಡಿನ ಉದ್ದಕ್ಕೂ ನಡೆದು, ಅಲ್ಲಿ ಕುಳಿತು ಮುಕ್ಕರಿದಾಗ ಹಾನಿಗೊಂಡ ಶ್ವಾಸಕೋಶಕ್ಕೆ ಬೀಳುವ ಹೊರೆಯನ್ನು ಆ ಟಿಪ್ಪಣಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವರ ಹಾಸಿಗೆಯ ಮೇಲೆ ಬಿಟ್ಟುಹೋದ ಮಾಸ್ಕ್‌ನಿಂದ ನಿಮಿಷಕ್ಕೆ ಹದಿನೈದು ಲೀಟರ್ ಆಮ್ಲಜನಕ ದಿಂಬಿನ ಮೇಲೆ ಹರಿಯುತ್ತಲೇ ಇತ್ತು. ಪೋಲೂ ಸಾವೂ ಬೇರೆ ಬೇರೆ ವಿಷಯಗಳಲ್ಲ ಎಂದು ಮೇಲೆ ಹೇಳಿದ್ದಕ್ಕೆ ನನಗೆ ಆಧಾರವಾದ ಸಂಗತಿ ಇದೇ.

ಕೋವಿಡ್ ರೋಗಿಗಳಲ್ಲಿ ಆಮ್ಲಜನಕ ಇಳಿದರೂ ಹಲವರಿಗೆ ಅದಕ್ಕೆ ತಕ್ಕಷ್ಟು ಉಬ್ಬಸ ಅನಿಸುವುದಿಲ್ಲ. ಹೀಗಾಗಿ ‘ಆರಾಮ ಅದೀನ್ರಿ, ನಾನs ಹೋಗಿ ಬರ್ತೀನಿ’ ಎಂದು ರೋಗಿ ಎದ್ದು ಹೊರಟಾಗ ಅದು ಹಟವೂ ಅಲ್ಲ, ನಿರ್ಲಕ್ಷ್ಯವೂ ಅಲ್ಲ. ನಮ್ಮ ಕಡೆಯ ಹಿರಿಯರಿಗೆ ಪರರ ಮುಂದೆ ಮಂಚದ ಮೇಲೆಯೇ ಬೆಡ್‌ಪ್ಯಾನ್ ಬಳಸುವುದು ಸಾವಿಗಿಂತ ದೊಡ್ಡ ಸಂಕೋಚ. ಪರದೆಯೂ ಇಲ್ಲದ, ಮಗ್ಗುಲಿಗೆ ಅಪರಿಚಿತರು ಮಲಗಿರುವ ವಾರ್ಡಿನಲ್ಲಿ ಬೆಡ್‌ಪ್ಯಾನ್ ಕೊಟ್ಟು ಕರ್ತವ್ಯ ಮುಗಿಯಿತೆಂದರೆ ಅದು ಆರೈಕೆಯಾಗದು. ಆಸ್ಪತ್ರೆ ಮುಂದಿನ ದಿನಗಳಲ್ಲಿ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಕೆಲವು ಕಮೋಡ್ ಕುರ್ಚಿಗಳನ್ನೂ ಬಟ್ಟೆಯ ಪರದೆಗಳನ್ನೂ ಕೊಂಡಿತು. ನಡೆಯಲೇಬೇಕಾದವರಿಗೆ ಚಕ್ರದ ತಳ್ಳುಗಾಡಿಯಲ್ಲಿ ಸಣ್ಣ ಸಿಲಿಂಡರ್ ಇಟ್ಟು, ಮಾಸ್ಕ್ ತೆಗೆಯದೆ ಒಬ್ಬರು ಜೊತೆಗೆ ಹೋಗುವ ಕ್ರಮ ಬಂತು. ಕೋವಿಡ್ ವಾರ್ಡಿನೊಳಗೆ ಮನೆಯವರನ್ನು ಬಿಡಬಾರದೆಂಬ ನಿಯಮವನ್ನು ಕಾಗದದ ಮೇಲೆ ಉಳಿಸಿಕೊಂಡೇ, ಎನ್95 ಮಾಸ್ಕ್ ಹಾಕಿಸಿ ಒಬ್ಬ ಸಂಬಂಧಿಕರನ್ನು ಒಳಗಿರಿಸುವುದನ್ನು ವೈದ್ಯಾಧಿಕಾರಿ ಒಪ್ಪಿಕೊಂಡರು. ಸೋಂಕು ತಡೆಯ ದೃಷ್ಟಿಯಿಂದ ಇದು ಆದರ್ಶವಲ್ಲ. ಇಬ್ಬರು ದಾದಿಯರು ಇಡೀ ವಾರ್ಡನ್ನು ನೋಡಬೇಕಾದ ರಾತ್ರಿಯಲ್ಲಿ ಅದೇ ಸರಿಯಾದ ನಿರ್ಧಾರವಾಗಿತ್ತೆಂದು ನಾನು ಇಂದಿಗೂ ನಂಬುತ್ತೇನೆ.

ಬದಲಾದದ್ದು

ಮೇ ಎರಡನೇ ವಾರದಿಂದ ಪ್ರತಿ ಪಾಳಿಗೆ ಒಬ್ಬ ಶುಶ್ರೂಷಕಿಗೆ ಆಮ್ಲಜನಕದ ಹೊಣೆಯನ್ನೇ ಮುಖ್ಯ ಕೆಲಸವಾಗಿ ಒಪ್ಪಿಸಲಾಯಿತು. ಹಾಸಿಗೆ ಸಂಖ್ಯೆ, ಸ್ಯಾಚುರೇಶನ್, ಉಸಿರಾಟದ ವೇಗ, ಹರಿಯುತ್ತಿರುವ ಲೀಟರ್, ಬಳಸುತ್ತಿರುವ ಸಾಧನ ಎಂಬ ಐದು ಕಲಮುಗಳ ಒಂದು ಉದ್ದನೆಯ ಪುಸ್ತಕ. ಕೊನೆಯಲ್ಲಿ ಲೀಟರ್‌ಗಳ ಮೊತ್ತ. ಅದರ ಕೆಳಗೆ ಸಿಲಿಂಡರ್ ಕೋಣೆಯ ಒತ್ತಡ ಮತ್ತು ಉಳಿದ ತಾಸು. ಸಿಲಿಂಡರ್‌ಗಳ ಕೊರಳಿಗೆ ಭರ್ತಿ, ಬಳಕೆಯಲ್ಲಿ, ಖಾಲಿ ಎಂಬ ಚೀಟಿಗಳು ಬಂದವು, ಖಾಲಿಗಳು ಬೇರೆ ಗೋಡೆಗೆ ಹೋದವು. ಸಾಬೂನಿನ ನೊರೆ ಹಚ್ಚಿ ಕೀಲುಗಳಲ್ಲಿ ಸೋರಿಕೆ ಹುಡುಕಿದಾಗ ಗುಳ್ಳೆ ಎದ್ದ ಜಾಗಗಳು ಒಂದೆರಡಲ್ಲ. ಉಳಿದ ಆಮ್ಲಜನಕ ಹನ್ನೆರಡು ತಾಸಿಗೆ ಇಳಿದರೆ ತಹಶೀಲ್ದಾರ್ ಮತ್ತು ಜಿಲ್ಲೆಯ ಕೋವಿಡ್ ನಿಯಂತ್ರಣ ಕೊಠಡಿಯಾದ ವಾರ್ ರೂಂಗೆ ತಿಳಿಸಬೇಕು ಎಂಬ ಗಡುವನ್ನು ಗೋಡೆಗೆ ಬರೆಸಿದರು. ಅದಕ್ಕೂ ಮೊದಲು ಕರೆ ಹೋಗುತ್ತಿದ್ದದ್ದು ಎದೆ ಒಡೆದಾಗ ಮಾತ್ರ, ಆಗ ಜಿಲ್ಲೆಯ ಅಧಿಕಾರಿಗಳಿಗೂ ಮಾಡಲು ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

ಆರೈಕೆಯ ಗುಣಮಟ್ಟವನ್ನು ವ್ಯವಸ್ಥೆ, ಪ್ರಕ್ರಿಯೆ, ಫಲಿತಾಂಶ ಎಂದು ಮೂರಾಗಿ ನೋಡುವ ಚೌಕಟ್ಟನ್ನು ಅಮೆರಿಕದ ವೈದ್ಯ ಅವೆಡಿಸ್ ಡೊನಬೀಡಿಯನ್ 1966ರಲ್ಲಿ ಮುಂದಿಟ್ಟರು; ನಮ್ಮ ಸರಕಾರಿ ಆಸ್ಪತ್ರೆಗಳಿಗೆ ಅನ್ವಯವಾಗುವ ರಾಷ್ಟ್ರೀಯ ಗುಣಮಟ್ಟ ಖಾತ್ರಿ ಮಾನದಂಡಗಳಲ್ಲೂ ಅದರ ನೆರಳಿದೆ. ಈ ಆಸ್ಪತ್ರೆಯಲ್ಲಿ ವ್ಯವಸ್ಥೆಗೆ ಲಕ್ಷಗಟ್ಟಲೆ ಹಣ ಬಂದಿತ್ತು, ಫಲಿತಾಂಶ ಎಂದರೆ ದಿನದ ಸಾವಿನ ಸಂಖ್ಯೆ ಸಂಜೆ ವಾರ್ ರೂಂಗೆ ಹೋಗುತ್ತಿತ್ತು. ನಡುವಿನ ಪ್ರಕ್ರಿಯೆಯನ್ನು ಕಾಣಿಸಿದ್ದು ಒಂದು ಸ್ಟೇಷನರಿ ಅಂಗಡಿಯ ಪುಸ್ತಕ.

ಅಂಬುಲೆನ್ಸ್ ಲೆಕ್ಕವೂ ಆಗಲೇ ಸರಿಯಾದದ್ದು. ಸಣ್ಣ ಸಿಲಿಂಡರ್‌ನಲ್ಲಿ ಇರುವುದು ಸುಮಾರು 1,500 ಲೀಟರ್. ನಿಮಿಷಕ್ಕೆ 15 ಲೀಟರ್ ಬೇಕಾದ ರೋಗಿಯನ್ನು ಹುಬ್ಬಳ್ಳಿಯ ಕಡೆಗೆ ಎರಡು ತಾಸು ಒಯ್ಯಬೇಕಾದರೆ 1,800 ಲೀಟರ್ ಬೇಕು, ಹಾಸಿಗೆ ಸಿಗುವವರೆಗೆ ಆಸ್ಪತ್ರೆಯ ಬಾಗಿಲಲ್ಲಿ ಕಾಯುವುದು ಬೇರೆ. ಒಂದೇ ಸಿಲಿಂಡರ್ ಹಾಕಿ ಕಳುಹಿಸಿದರೆ ದಾರಿಯಲ್ಲೇ ಮುಗಿಯುತ್ತದೆ. ಇನ್ನು ಮುಂದೆ ಆಚೆಯ ಆಸ್ಪತ್ರೆಯಲ್ಲಿ ಹಾಸಿಗೆ ಖಚಿತವಾಗಿ, ಎರಡು ಸಿಲಿಂಡರ್ ಪರೀಕ್ಷಿಸಿ ನೋಡಿದ ಮೇಲಷ್ಟೇ ಗಾಡಿ ಬಿಡಬೇಕೆಂದು ಗೊತ್ತುಮಾಡಿದರು.

ತಡವಾಗಿ ಬಂದವರು

ಆಸ್ಪತ್ರೆ ಎಷ್ಟೇ ಸಿದ್ಧವಿದ್ದರೂ ರೋಗಿ ಯಾವ ಸ್ಥಿತಿಯಲ್ಲಿ ಬಾಗಿಲಿಗೆ ಬರುತ್ತಾನೆ ಎಂಬುದು ಅರ್ಧ ಫಲಿತಾಂಶವನ್ನು ನಿರ್ಧರಿಸುತ್ತದೆ. ಆ ಮೇ ತಿಂಗಳಲ್ಲಿ ಹಳ್ಳಿಗಳಿಂದ ಬಂದ ಅನೇಕರ ಕೈಯಲ್ಲಿ ಟೈಫಾಯ್ಡ್ ಎಂದು ಬರೆದ ವೈಡಾಲ್ ಪರೀಕ್ಷೆಯ ಚೀಟಿ ಇರುತ್ತಿತ್ತು. ವೈಡಾಲ್ ಒಂದನ್ನೇ ನಂಬಿ ಟೈಫಾಯ್ಡ್ ನಿರ್ಧರಿಸುವುದು ಸರಿಯಲ್ಲ. ಹಳೆಯ ಸೋಂಕು, ಲಸಿಕೆ, ಬೇರೆ ಜ್ವರಗಳಿಂದಲೂ ಅದು ಪಾಸಿಟಿವ್ ಬರಬಹುದು. ಆದರೂ ಜನ ಅದಕ್ಕೆ ಅಂಟಿಕೊಂಡದ್ದಕ್ಕೆ ಕಾರಣ ಸ್ಪಷ್ಟ: ಕೋವಿಡ್ ಎಂದಾದರೆ ಮನೆಯವರನ್ನು ಎತ್ತಿಕೊಂಡು ಹೋಗುತ್ತಾರೆ, ಸತ್ತರೆ ಮುಖವೂ ತೋರಿಸುವುದಿಲ್ಲ ಎಂಬ ಭಯ. ‘ನಮ್ಮಪ್ಪಗ ಟೈಫಾಯ್ಡ್ ಐತ್ರಿ ಸರ, ಕರೋನಾ ಅಲ್ರಿ’ ಎಂದು ಕೈಮುಗಿದು ಹೇಳಿದ ಮಗನ ತಂದೆಗೆ ಸ್ಯಾಚುರೇಶನ್ ಎಪ್ಪತ್ತರ ಆಸುಪಾಸಿನಲ್ಲಿತ್ತು. ಮೊದಲ ಅಲೆಯಲ್ಲಿ ನಾವು, ಆರೋಗ್ಯ ವ್ಯವಸ್ಥೆಯವರು, ಬೀದಿಗೆ ತಡೆಗೋಡೆ ಕಟ್ಟಿ ಮನೆಗೆ ಭಿತ್ತಿಪತ್ರ ಹಚ್ಚಿ ಗಳಿಸಿದ ಅಪನಂಬಿಕೆ ಅದು. ಇದಕ್ಕೆ ಆ ಭಾಗದಲ್ಲಿ ಕೆಲಸ ಮಾಡಿದ ಮದ್ದು ಆಶಾ ಕಾರ್ಯಕರ್ತೆಯರು. 2020ರ ಜುಲೈಯಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಿದ ಅದೇ ಮಹಿಳೆಯರು ಆಕ್ಸಿಮೀಟರ್ ಹಿಡಿದು ಓಣಿ ಓಣಿ ತಿರುಗಿ, ಆರು ನಿಮಿಷ ನಡೆಸಿ ಮತ್ತೆ ಬೆರಳು ನೋಡಿ, 94ಕ್ಕಿಂತ ಇಳಿದವರನ್ನು ಮಾತಿನಿಂದ ಒಪ್ಪಿಸಿ ಕರೆತಂದರು. ಅವರ ಮಾತನ್ನು ಜನ ಕೇಳಿದ್ದು ಅವರು ಹೆರಿಗೆಗೂ ಲಸಿಕೆಗೂ ಮನೆಗೆ ಬಂದವರಾದ್ದರಿಂದ.

ಔಷಧದ ವಿಷಯದಲ್ಲಿ ಚಿಕ್ಕದಾಗಿ ಹೇಳುವುದಾದರೆ, ರೆಮ್ಡಿಸಿವಿರ್ ಚುಚ್ಚುಮದ್ದಿಗಾಗಿ ಜನ ಹೊಲ ಒತ್ತೆ ಇಡುತ್ತಿದ್ದ ದಿನಗಳಲ್ಲಿ ಸಾವನ್ನು ಕಡಿಮೆ ಮಾಡುತ್ತದೆಂದು ಬ್ರಿಟನ್ನಿನ ರಿಕವರಿ ಪ್ರಯೋಗದಿಂದ 2020ರ ಜೂನ್‌ನಲ್ಲೇ ತಿಳಿದಿದ್ದ ಔಷಧ, ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್, ಪ್ರತಿ ಸರಕಾರಿ ಔಷಧಾಲಯದಲ್ಲೂ ಇತ್ತು. ಅದೇ ಪ್ರಯೋಗ ಇನ್ನೊಂದನ್ನೂ ಹೇಳಿತ್ತು: ಆಮ್ಲಜನಕ ಬೇಡದವರಿಗೆ ಇದರಿಂದ ಲಾಭವಿಲ್ಲ. ಈ ಎರಡನೆಯ ಮಾತನ್ನು ಕೇಳದೆ ಜ್ವರದ ಮೊದಲ ದಿನವೇ ಸ್ಟಿರಾಯ್ಡ್ ಶುರುಮಾಡಿಸಿಕೊಂಡು, ರಕ್ತದ ಸಕ್ಕರೆಯನ್ನು ಅಳೆಯದೆ ಬಂದವರಲ್ಲಿ ಕೆಲವರು ವಾರಗಳ ನಂತರ ಕಣ್ಣಿನ ಊತ, ಕೆನ್ನೆಯ ನೋವಿನೊಂದಿಗೆ ಕಪ್ಪು ಶಿಲೀಂಧ್ರದ ರೋಗಿಗಳಾಗಿ ಹಿಂದಿರುಗಿದರು. ವಾರ್ಡಿನಲ್ಲಿ ಸ್ಟಿರಾಯ್ಡ್ ಪಡೆಯುವ ಪ್ರತಿಯೊಬ್ಬರ ಸಕ್ಕರೆಯನ್ನು ದಿನಕ್ಕೆ ಹಲವು ಬಾರಿ ನೋಡಿ ಬರೆಯುವುದು ಮೇ ಮಧ್ಯದವರೆಗೆ ನಡೆಯಲಿಲ್ಲ. ಸಕ್ಕರೆ ಅಳೆಯುವ ಗ್ಲೂಕೋಮೀಟರ್ ಇತ್ತು, ಅದಕ್ಕೆ ಹಾಕುವ ಪಟ್ಟಿಗಳು ಮುಗಿದಿದ್ದವು. ಲಕ್ಷಗಟ್ಟಲೆ ರೂಪಾಯಿಯ ಯಂತ್ರಗಳ ಪಕ್ಕದಲ್ಲಿ ಹತ್ತಿಪ್ಪತ್ತು ರೂಪಾಯಿಯ ಪಟ್ಟಿ ಇಲ್ಲದಿರುವುದನ್ನು ಕಂಡು ನನಗಾದ ವೇದನೆಯನ್ನು ಇಲ್ಲಿ ಮುಚ್ಚಿಡಲಾರೆ.

ಹೆರಿಗೆ ವಿಭಾಗವನ್ನು ಈ ಆಸ್ಪತ್ರೆ ಮುಚ್ಚಲಿಲ್ಲ. ಬೇರೆ ಬಾಗಿಲು, ಬೇರೆ ಸಿಬ್ಬಂದಿ ಮಾಡಿ ನಡೆಸಿತು, ಡಯಾಲಿಸಿಸ್ ರೋಗಿಗಳನ್ನೂ ವಾರದ ಪಾಳಿ ತಪ್ಪಿಸದೆ ನೋಡಿಕೊಂಡಿತು. ಎಲ್ಲ ತಾಲೂಕುಗಳಲ್ಲೂ ಹೀಗಾಗಲಿಲ್ಲ.

ಈಗ ಉಳಿದಿರುವ ಕೆಲಸ

ಆಸ್ಪತ್ರೆಯ ಅಂಗಳದಲ್ಲಿ ಅದೇ ವರ್ಷ ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಪಿಎಸ್‌ಎ ಘಟಕ ಬಂತು. ನಿಮಿಷಕ್ಕೆ 500 ಲೀಟರ್ ಸಾಮರ್ಥ್ಯದ ಘಟಕ ನಿಲ್ಲದೆ ನಡೆದರೆ ದಿನಕ್ಕೆ ನೂರಕ್ಕೂ ಹೆಚ್ಚು ಜಂಬೋ ಸಿಲಿಂಡರ್‌ಗಳಷ್ಟು ಅನಿಲ ಕೊಡುತ್ತದೆ. ಮೇಲಿನ ಉದಾಹರಣೆಯ 30 ರೋಗಿಗಳಿಗೆ ಬೇಕಾದದ್ದು 240 ಲೀಟರ್, ಹೀಗಾಗಿ ಘಟಕ ಅರ್ಧ ಶಕ್ತಿಯಲ್ಲೇ ಅವರನ್ನು ಸಾಕುತ್ತದೆ. ಅದೇ ವಾರ್ಡಿಗೆ 60 ಲೀಟರ್‌ನ ಹೈ ಫ್ಲೋ ಯಂತ್ರ ಐದು ಸೇರಿಸಿದರೆ ಬೇಡಿಕೆ 540ಕ್ಕೆ ಏರಿ ಘಟಕ ಸೋಲುತ್ತದೆ. ಇದನ್ನು ಆಸ್ಪತ್ರೆಯ ಯೋಜನಾ ಪತ್ರದಲ್ಲಿ ಬರೆದಿಡಬೇಕು. ಘಟಕದ ಆಮ್ಲಜನಕದ ಶುದ್ಧತೆ 93 ಶೇಕಡದ ಆಸುಪಾಸಿನಲ್ಲಿ ಇರಬೇಕು, ಅದನ್ನು ಅಳೆದು ಬರೆಯುವವರು ಯಾರೆಂದು ಗೊತ್ತಾಗಬೇಕು. ಸೋಸುಕಗಳನ್ನು ಕಾಲಕಾಲಕ್ಕೆ ಬದಲಿಸುವ ವಾರ್ಷಿಕ ನಿರ್ವಹಣಾ ಒಪ್ಪಂದ ಚಾಲ್ತಿಯಲ್ಲಿರಬೇಕು. ವಿದ್ಯುತ್ ಹೋದರೆ ಘಟಕ ನಿಲ್ಲುತ್ತದೆ. ಹಳೆಯ ಜನರೇಟರ್ ಶಸ್ತ್ರಚಿಕಿತ್ಸಾ ಕೊಠಡಿಯ ಜೊತೆಗೆ ಘಟಕದ ಕಂಪ್ರೆಸರ್‌ನ ಹೊರೆಯನ್ನೂ ಹೊರುತ್ತದೆಯೇ ಎಂಬುದನ್ನು ಲೋಡ್ ಹಾಕಿ ನೋಡದೆ ಹೇಳಲಾಗದು. ಬೇಸಿಗೆಯಲ್ಲಿ ನಮ್ಮ ತಾಲೂಕುಗಳ ವಿದ್ಯುತ್ತಿನ ಪರಿಸ್ಥಿತಿ ಓದುಗರಿಗೆ ಗೊತ್ತೇ ಇದೆ.

ದೇಶಾದ್ಯಂತ ಆಸ್ಪತ್ರೆಗಳಲ್ಲಿ 2022ರ ಡಿಸೆಂಬರ್ 27ರಂದು, ಮತ್ತೆ 2023ರ ಏಪ್ರಿಲ್ 10 ಮತ್ತು 11ರಂದು ಅಣಕು ಕಾರ್ಯಾಚರಣೆಗಳು ನಡೆದವು. ಹಗಲಿನಲ್ಲಿ, ಮೇಲಧಿಕಾರಿಗಳು ಬರುವ ಮುನ್ಸೂಚನೆಯೊಂದಿಗೆ, ಸಿಬ್ಬಂದಿ ಪೂರ್ತಿ ಹಾಜರಿರುವಾಗ ಯಂತ್ರ ಚಾಲೂ ಮಾಡಿ ತೋರಿಸುವ ಪರೀಕ್ಷೆಯಲ್ಲಿ ಯಂತ್ರದ ಸ್ಥಿತಿ ತಿಳಿಯುತ್ತದೆ, ಆಸ್ಪತ್ರೆಯ ಸ್ಥಿತಿ ತಿಳಿಯುವುದಿಲ್ಲ. ಮುಂದಿನ ಅಣಕು ಕಾರ್ಯಾಚರಣೆಯನ್ನು ಜಿಲ್ಲಾಡಳಿತ ರಾತ್ರಿ ಎರಡಕ್ಕೆ, ಮೊದಲೇ ತಿಳಿಸದೆ, ಮುಖ್ಯ ವಿದ್ಯುತ್ ಸಂಪರ್ಕ ತೆಗೆದು, ಪಾಳಿಯಲ್ಲಿ ನಿಜಕ್ಕೂ ಇರುವ ಇಬ್ಬರು ದಾದಿಯರು ಮತ್ತು ಒಬ್ಬ ಡಿ ಗ್ರೂಪ್ ನೌಕರನೊಂದಿಗೆ ನಡೆಸಬೇಕು. ಒಳರೋಗಿಗಳಿಗೆ ಅಪಾಯವಾಗದಂತೆ ಮೀಸಲು ಸಿಲಿಂಡರ್ ಸಾಲನ್ನು ತೆರೆದಿಟ್ಟೇ ಇದನ್ನು ಮಾಡಬಹುದು. ಮ್ಯಾನಿಫೋಲ್ಡ್ ಸಾಲು ಬದಲಾಗಲು ಎಷ್ಟು ನಿಮಿಷ ಹಿಡಿಯಿತು, ಕೊನೆಯ ಹಾಸಿಗೆಯ ಫ್ಲೋಮೀಟರ್‌ನಲ್ಲಿ ಗುಂಡು ಎಲ್ಲಿಗೆ ಇಳಿಯಿತು, ಉಳಿದ ತಾಸುಗಳ ಲೆಕ್ಕವನ್ನು ಪುಸ್ತಕ ನೋಡಿ ಹೇಳಲು ದಾದಿಗೆ ಸಾಧ್ಯವಾಯಿತೇ ಎಂಬ ಮೂರನ್ನು ಬರೆದುಕೊಂಡರೆ ಸಾಕು. ಎರಡನೇ ಅಲೆಯಲ್ಲಿ ಪಳಗಿದ ಶುಶ್ರೂಷಕಿಯರಲ್ಲಿ ಎಷ್ಟು ಮಂದಿ ಇಂದಿಗೂ ಜಿಲ್ಲೆಯ ಸೇವೆಯಲ್ಲಿದ್ದಾರೆ, ಗುತ್ತಿಗೆ ಮುಗಿದವರನ್ನು ಹದಿನೈದು ದಿನದೊಳಗೆ ಮರಳಿ ಕರೆಯಲು ಅವರ ಪಟ್ಟಿ ಯಾರ ಬಳಿ ಇದೆ ಎಂಬ ಪ್ರಶ್ನೆಯನ್ನೂ ಅದೇ ವರದಿಯಲ್ಲಿ ಸೇರಿಸಬೇಕೆಂದು ನಾನು ಶಿಫಾರಸು ಮಾಡಿದ್ದೇನೆ.